‘ವಿಕಲಚೇತನ ಸ್ನೇಹಿ ನಂಬರ್ 1 ಕಂಪನಿ’ ಎಂಬ ಪಟ್ಟಿಯನ್ನು ಫಾರ್ವರ್ಡ್ ಮಾಡುವ ಮುನ್ನ ಏನು ನೋಡಬೇಕು?

“ಈ ಕಂಪನಿ ದೇಶದಲ್ಲೇ ಅತಿ ಹೆಚ್ಚು ವಿಕಲಚೇತನರಿಗೆ ಕೆಲಸ ಕೊಟ್ಟಿದೆ.” “ಖಾಸಗಿ ಕಂಪನಿಗಳಲ್ಲೂ ಶೇ 4 ಮೀಸಲಾತಿ ಕಡ್ಡಾಯ, ಎಲ್ಲರಿಗೂ ಶೇರ್ ಮಾಡಿ.” “ಸರ್ಟಿಫಿಕೇಟಿನಲ್ಲಿ ಶೇ 40 ಇಲ್ಲದಿದ್ದರೆ ಯಾವ ಹಕ್ಕೂ ಇಲ್ಲ.” ಇಂಥ ಸಂದೇಶಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು. ಕೆಲಸದಲ್ಲಿ ಕೈ ಕಳೆದುಕೊಂಡು ಮನೆಯಲ್ಲಿ ಕುಳಿತವರು ಇದನ್ನು ನಂಬಿ ಸುಮ್ಮನಾದರೆ ಅವರಿಗೆ ಬರಬೇಕಾದ ಹಣವೂ ಹೋಗುತ್ತದೆ, ಕೆಲಸವೂ ಹೋಗುತ್ತದೆ.

ಹಾಗಾದರೆ ಒಂದು ಸಂಸ್ಥೆ ತನ್ನ ಕೆಲಸಗಾರರ ಅಂಗವೈಕಲ್ಯವನ್ನು ಹೇಗೆ ನಿಭಾಯಿಸುತ್ತದೆ ಎಂದು ಅಳೆಯುವುದು ಹೇಗೆ? ಎರಡು ಸಂಸ್ಥೆಗಳನ್ನು ಹೋಲಿಸುವುದು ಹೇಗೆ? ಈ ಲೇಖನದಲ್ಲಿ ಅದನ್ನೇ ನೋಡೋಣ.

ಚುಟುಕಾಗಿ ಹೇಳುವುದಾದರೆ: ಎಷ್ಟು ವಿಕಲಚೇತನರನ್ನು ಸೇರಿಸಿಕೊಂಡರು ಎಂಬ ಒಂದೇ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಕೆಲಸದಲ್ಲಿದ್ದಾಗ ಗಾಯಗೊಂಡವರು, ಕಾಯಿಲೆ ಬಿದ್ದವರು ಮತ್ತೆ ಕೆಲಸಕ್ಕೆ ಮರಳಿದರೇ, ಎಷ್ಟು ಸಂಬಳಕ್ಕೆ ಮರಳಿದರು, ಎಷ್ಟು ಕಾಲ ಉಳಿದರು ಎಂಬುದನ್ನೂ ಕೇಳಬೇಕು.

ನವನಗರದವರಿಗೆ ಗೊತ್ತಿರುವ ಲೆಕ್ಕ

ಬಾಗಲಕೋಟೆಯ ನವನಗರದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗಡೆಯಾದಾಗ ಪುನರ್ವಸತಿಗಾಗಿ ಕಟ್ಟಿದ ಊರು ಇದು. ಎಷ್ಟು ನಿವೇಶನ ಹಂಚಲಾಯಿತು ಎಂಬುದು ಒಂದು ಲೆಕ್ಕ. ಹಳೇ ಪೇಟೆಯಲ್ಲಿ ಅಂಗಡಿ ಕಳೆದುಕೊಂಡವರ ವ್ಯಾಪಾರ ಮತ್ತೆ ಕುದುರಿತೇ ಎಂಬುದು ಇನ್ನೊಂದು ಲೆಕ್ಕ. ಮೊದಲನೆಯದು ಕಡತದಲ್ಲಿ ಸಿಗುತ್ತದೆ, ಎರಡನೆಯದು ಮನೆಗೆ ಹೋಗಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಕೆಲಸದ ಸ್ಥಳದ ಅಂಗವೈಕಲ್ಯದಲ್ಲೂ ಹೀಗೆಯೇ ಎರಡು ದಾರಿಗಳಿವೆ. ಒಂದು, ವಿಕಲಚೇತನ ವ್ಯಕ್ತಿ ಹೊಸದಾಗಿ ಕೆಲಸಕ್ಕೆ ಸೇರುವುದು. ಇನ್ನೊಂದು, ಕೆಲಸದಲ್ಲಿ ಇರುವಾಗಲೇ ಅಪಘಾತದಿಂದ ಅಥವಾ ಕಾಯಿಲೆಯಿಂದ ಅಂಗವೈಕಲ್ಯ ಬರುವುದು. ಫಾರ್ವರ್ಡುಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ. ಕಲ್ಲು, ಸಿಮೆಂಟು, ಸಕ್ಕರೆ, ನೇಯ್ಗೆ ನಂಬಿರುವ ನಮ್ಮ ಜಿಲ್ಲೆಯಲ್ಲಿ ಎರಡನೆಯದು ಅಷ್ಟೇ ದೊಡ್ಡ ಸಂಗತಿ.

ತಪ್ಪು ತಿಳಿವಳಿಕೆ 1: ಶೇ 40 ವೈಕಲ್ಯ ಅಂದರೆ ಶೇ 60 ಮಾತ್ರ ಕೆಲಸ ಮಾಡಬಲ್ಲರು

ಇದು ಸುಳ್ಳು. ಯುಡಿಐಡಿ ಕಾರ್ಡಿನಲ್ಲಿರುವ ಶೇಕಡಾವಾರು ದೇಹದ ಸ್ಥಿತಿಯ ಅಳತೆ. ವ್ಯಕ್ತಿ ಯಾವ ಕೆಲಸ ಮಾಡುತ್ತಾರೆ ಎಂಬುದು ಅದರಲ್ಲಿ ಇಲ್ಲ.

ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ (2010) ಸುಪ್ರೀಂ ಕೋರ್ಟ್ ಇದನ್ನು ಸರಳ ಉದಾಹರಣೆಯಿಂದ ವಿವರಿಸಿತು. ಒಬ್ಬರ ಎಡಗೈ ಹೋಯಿತು, ವೈದ್ಯರು ಶೇ 60 ವೈಕಲ್ಯ ಎಂದರು ಅಂದುಕೊಳ್ಳಿ. ಅವರು ಚಾಲಕರೋ ಬಡಗಿಯೋ ಆಗಿದ್ದರೆ ದುಡಿಯುವ ಶಕ್ತಿ ಹೆಚ್ಚುಕಡಿಮೆ ಪೂರ್ತಿಯೇ ಹೋದಂತೆ. ಅದೇ ಅವರು ಸರ್ಕಾರಿ ಕಚೇರಿಯ ಗುಮಾಸ್ತರಾಗಿದ್ದರೆ ಕೆಲಸವೇ ಹೋಗದಿರಬಹುದು. ಇದಕ್ಕೂ ಮುಂಚೆ, 1975ರ ಡಿಸೆಂಬರಿನಲ್ಲಿ, ಮೊಣಕೈ ಮೇಲಿನಿಂದ ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಬಡಗಿ ಕೆಲಸದ ಮಟ್ಟಿಗೆ ಇದು ಸಂಪೂರ್ಣ ವೈಕಲ್ಯ ಎಂದು ಒಪ್ಪಿತ್ತು.

ಹಾಗಾಗಿ “ಅವರಲ್ಲಿ ಶೇ 70ರವರಿಗೂ ಕೆಲಸ ಕೊಟ್ಟಿದ್ದಾರೆ, ಇವರಲ್ಲಿ ಬರೀ ಶೇ 40ರವರು” ಎಂದು ಎರಡು ಕಂಪನಿಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ತಪ್ಪು ತಿಳಿವಳಿಕೆ 2: ಶೇ 40ಕ್ಕಿಂತ ಕಡಿಮೆ ಇದ್ದರೆ ಏನೂ ಸಿಗದು

ಇದು ಅರ್ಧ ಸತ್ಯ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ ಶೇ 40 ಬೇಕು. ಆದರೆ ತಾರತಮ್ಯದಿಂದ ರಕ್ಷಣೆ, ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು ಇವು ಶೇ 40ಕ್ಕೆ ಅಂಟಿಕೊಂಡಿಲ್ಲ. ಕೈಬೆರಳು ಸೆಟೆದು ಬರೆಯಲು ಕಷ್ಟಪಡುತ್ತಿದ್ದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಬರಹಗಾರರ ನೆರವು ಕೇಳಿದಾಗ, ಶೇ 40 ಇಲ್ಲ ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು.

ಇನ್ನು ಕೆಲಸದಲ್ಲಿ ಆದ ಗಾಯದ ಪರಿಹಾರಕ್ಕೆ ಈ ಶೇ 40ರ ಗೆರೆಯೇ ಇಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಶೇ 30 ಗಳಿಕೆ ಶಕ್ತಿ ನಷ್ಟ ಎಂದಿದೆ. 30 ವರ್ಷದ, ತಿಂಗಳಿಗೆ ₹15,000 ಸಂಬಳದ ಕಾರ್ಮಿಕನ ಲೆಕ್ಕ ಹೀಗೆ: ಸಂಬಳದ ಶೇ 60 ಅಂದರೆ ₹9,000. ಆ ವಯಸ್ಸಿಗೆ ಕಾಯ್ದೆ ಕೊಟ್ಟಿರುವ ಗುಣಕ 207.98. ಗುಣಿಸಿದರೆ ₹18,71,820. ಅದರ ಶೇ 30 ಅಂದರೆ ₹5,61,546. “ಶೇ 40 ಇಲ್ಲ ಬಿಡು” ಎಂಬ ಮಾತು ನಂಬಿದರೆ ಕೈಬಿಟ್ಟು ಹೋಗುವ ಹಣ ಇದು. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಗಾಯಗಳ ಪಟ್ಟಿಯೂ ಲೆಕ್ಕದ ವಿಧಾನವೂ ಅದರೊಳಗೆ ಸೇರಿವೆ. ಇಎಸ್‌ಐ ವಿಮೆ ಇರುವವರಿಗೆ ದಾರಿ ಬೇರೆ: ತಾತ್ಕಾಲಿಕ ವೈಕಲ್ಯಕ್ಕೆ ಸಂಬಳದ ಶೇ 90ರ ದರದಲ್ಲಿ ಹಣ, ಶಾಶ್ವತ ವೈಕಲ್ಯಕ್ಕೆ ವೈದ್ಯಕೀಯ ಮಂಡಳಿ ನಿರ್ಧರಿಸಿದಂತೆ ನಿಯಮಿತ ಪಾವತಿ.

ತಪ್ಪು ತಿಳಿವಳಿಕೆ 3: ಖಾಸಗಿ ಕಂಪನಿಯಲ್ಲೂ ಶೇ 4 ಮೀಸಲಾತಿ ಕಡ್ಡಾಯ

ಸುಳ್ಳು. ಕಾಯ್ದೆಯ 34ನೇ ಸೆಕ್ಷನ್ ಹೇಳುವ ಕನಿಷ್ಠ ಶೇ 4 ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರು ಶೇ 5ರಷ್ಟು ವಿಕಲಚೇತನರನ್ನು ನೇಮಿಸಿಕೊಳ್ಳುವಂತೆ ಸರ್ಕಾರ ಪ್ರೋತ್ಸಾಹಕಗಳನ್ನು ಕೊಡಬೇಕು ಎಂದು 35ನೇ ಸೆಕ್ಷನ್ ಹೇಳುತ್ತದೆ. ಪ್ರೋತ್ಸಾಹಕ ಬೇರೆ, ಕಡ್ಡಾಯ ಬೇರೆ.

ಹಾಗೆಂದು ಖಾಸಗಿಯವರಿಗೆ ಯಾವ ಹೊಣೆಯೂ ಇಲ್ಲವೆಂದಲ್ಲ. 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ ‘ಸಮಾನ ಅವಕಾಶ ನೀತಿ’ಯನ್ನು ಪ್ರಕಟಿಸಬೇಕು. ಅದು ಜಾಲತಾಣದಲ್ಲಿ ಇರಬೇಕು, ಇಲ್ಲವೇ ಕೆಲಸದ ಸ್ಥಳದಲ್ಲಿ ಎದ್ದು ಕಾಣುವಂತೆ ತೂಗುಹಾಕಿರಬೇಕು. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯಾದರೆ ಯಾವ ಹುದ್ದೆಗಳು ವಿಕಲಚೇತನರಿಗೆ ಸೂಕ್ತ, ತರಬೇತಿ ಏನು, ವಿಶೇಷ ರಜೆ ಇದೆಯೇ, ಸಂಪರ್ಕಾಧಿಕಾರಿ ಯಾರು ಎಂಬುದೂ ಅದರಲ್ಲಿ ಬರಬೇಕು. ನಿಮ್ಮ ಸಂಸ್ಥೆಯಲ್ಲಿ ಈ ನೀತಿ ಎಲ್ಲಿದೆ ಎಂದು ಕೇಳಿ ನೋಡಿ. ಅಳತೆಯ ಮೊದಲ ಮೆಟ್ಟಿಲು ಅದೇ.

ಇನ್ನೊಂದು ದೊಡ್ಡ ವ್ಯತ್ಯಾಸ ಸೇವೆಯಲ್ಲಿದ್ದಾಗ ವೈಕಲ್ಯ ಬಂದವರದು. ಸರ್ಕಾರಿ ಸಂಸ್ಥೆ ಅಂಥವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಕೆಲಸ ಕೊಡಬೇಕು. ಅದು ಸಿಗುವ ತನಕ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಹಳೆಯ 1995ರ ಕಾಯ್ದೆಯಲ್ಲೂ ಇದೇ ರಕ್ಷಣೆ ಇತ್ತು. ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಒಬ್ಬರಿಗೆ 2003ರಲ್ಲಿ ಸುಪ್ರೀಂ ಕೋರ್ಟ್ ಅದರ ಆಧಾರದಲ್ಲೇ ನ್ಯಾಯ ಕೊಟ್ಟಿತು. ಖಾಸಗಿ ಲಾರಿಯ ಚಾಲಕರಿಗೆ ಈ ಸೆಕ್ಷನ್ನಿನ ಆಸರೆ ಇಲ್ಲ. ಆದ್ದರಿಂದಲೇ ಖಾಸಗಿಯಲ್ಲಿ ಯಾರು ತಾವಾಗಿ ಒಳ್ಳೆಯದು ಮಾಡುತ್ತಿದ್ದಾರೆ ಎಂದು ಅಳೆಯುವುದು ಮುಖ್ಯವಾಗುತ್ತದೆ.

ತಲೆ ಎಣಿಕೆ ಎಲ್ಲಿ ಎಡವುತ್ತದೆ?

ಎರಡು ಕಾಲ್ಪನಿಕ ಕಾರ್ಖಾನೆಗಳನ್ನು ತೆಗೆದುಕೊಳ್ಳೋಣ. ಎರಡರಲ್ಲೂ ತಲಾ 1,000 ಜನ.

- ಕಾರ್ಖಾನೆ ‘ಅ’: ಈ ವರ್ಷ 50 ವಿಕಲಚೇತನರನ್ನು ಸೇರಿಸಿಕೊಂಡಿತು. ಮುಂದಿನ ವರ್ಷದೊಳಗೆ 40 ಜನ ಬಿಟ್ಟು ಹೋದರು. ಅಲ್ಲೇ ಕೆಲಸ ಮಾಡುತ್ತಾ ತೀವ್ರ ಗಾಯಗೊಂಡ 8 ಜನರಲ್ಲಿ ಒಬ್ಬರೂ ಮರಳಲಿಲ್ಲ.
- ಕಾರ್ಖಾನೆ ‘ಆ’: ಇರುವುದು 20 ಜನ. ಅವರಲ್ಲಿ 18 ಜನ ಮೂರು ವರ್ಷದಿಂದ ಇದ್ದಾರೆ. ಗಾಯಗೊಂಡ 8 ಜನರಲ್ಲಿ 6 ಜನ ಅದೇ ಸಂಬಳಕ್ಕೆ ಬೇರೆ ಕೆಲಸಕ್ಕೆ ಮರಳಿದ್ದಾರೆ.

ಫೋಟೊ ತೆಗೆಸಿಕೊಳ್ಳುವ ದಿನ ‘ಅ’ ಶೇ 5, ‘ಆ’ ಶೇ 2. ಪ್ರಶಸ್ತಿ ‘ಅ’ಕ್ಕೆ ಹೋಗುತ್ತದೆ. ನಿಮ್ಮ ತಮ್ಮನಿಗೆ ಕೆಲಸ ಬೇಕೆಂದರೆ ನೀವು ಯಾವುದನ್ನು ಆರಿಸುತ್ತೀರಿ?

ಇನ್ನೊಂದು ತೊಡಕಿದೆ. ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆ, ಥಲಸೇಮಿಯಾ, ಕುಡಗೋಲು ಕಣ ರಕ್ತಹೀನತೆಯಂಥ ಹೊರಗೆ ಕಾಣದವೂ ಇವೆ. ಹೇಳಿಕೊಂಡರೆ ಕೆಲಸ ಹೋಗುತ್ತದೆ ಎಂಬ ಭಯ ಇರುವ ಕಡೆ ಯಾರೂ ಹೇಳುವುದಿಲ್ಲ, ಸಂಖ್ಯೆ ಕಡಿಮೆ ಕಾಣುತ್ತದೆ. ಭಯ ಹೋದ ಕಡೆ ಸಂಖ್ಯೆ ಏರುತ್ತದೆ. ಹಾಗಾಗಿ ಒಂದೇ ವರ್ಷದ ಸಂಖ್ಯೆ ಸಾಲದು. ನಾಲ್ಕೈದು ವರ್ಷದ ದಿಕ್ಕು ನೋಡಬೇಕು.

“ಒಂದೂ ಅಪಘಾತ ಇಲ್ಲ” ಎಂಬ ಬೋರ್ಡ್

ಅಪಘಾತಗಳನ್ನು ಹೋಲಿಸಲು ಭಾರತೀಯ ಮಾನಕ ಸಂಸ್ಥೆಯ ಐಎಸ್ 3786 ಎಂಬ ಮಾನದಂಡವಿದೆ. ಅದರಲ್ಲಿ ಎರಡು ದರಗಳು ಮುಖ್ಯ. 10 ಲಕ್ಷ ಗಂಟೆ ಕೆಲಸಕ್ಕೆ ಎಷ್ಟು ಗಾಯಗಳು ಎಂಬುದು ಆವರ್ತನ ದರ. 10 ಲಕ್ಷ ಗಂಟೆ ಕೆಲಸಕ್ಕೆ ಎಷ್ಟು ದಿನಗಳ ದುಡಿಮೆ ನಷ್ಟ ಎಂಬುದು ತೀವ್ರತೆಯ ದರ. ಸಾವು ಅಥವಾ ಸಂಪೂರ್ಣ ಶಾಶ್ವತ ವೈಕಲ್ಯವನ್ನು 6,000 ದಿನಗಳ ನಷ್ಟ ಎಂದು ಎಣಿಸಲಾಗುತ್ತದೆ.

500 ಜನರ ಕಾರ್ಖಾನೆಯಲ್ಲಿ ವರ್ಷಕ್ಕೆ 12 ಲಕ್ಷ ಗಂಟೆ ಕೆಲಸ, 6 ಗಾಯ, ಒಟ್ಟು 30 ದಿನ ನಷ್ಟ ಅಂದುಕೊಳ್ಳಿ. ಆವರ್ತನ ದರ 5, ತೀವ್ರತೆಯ ದರ 25. ಪಕ್ಕದ 50 ಜನರ ಘಟಕದಲ್ಲಿ 1.2 ಲಕ್ಷ ಗಂಟೆ ಕೆಲಸ, ಒಂದೇ ಗಾಯ. ಆದರೆ ಆ ಒಬ್ಬರು ಎರಡೂ ಕಣ್ಣು ಕಳೆದುಕೊಂಡರು. ಆವರ್ತನ ದರ 8.3, ತೀವ್ರತೆಯ ದರ 50,000. “ಅಲ್ಲಿ ಆರು ಅಪಘಾತ, ಇಲ್ಲಿ ಒಂದೇ” ಎಂಬ ಹೋಲಿಕೆ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ.

ಈ ದರಗಳನ್ನೂ ಚೆಂದಗಾಣಿಸಬಹುದು. ಗಾಯಾಳು 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಕಾರ್ಖಾನೆ ವರದಿ ಮಾಡಬೇಕು ಎಂಬುದು ನಿಯಮ. ಕೈಗೆ ಪಟ್ಟಿ ಕಟ್ಟಿಸಿಕೊಂಡವರನ್ನು ಮರುದಿನವೇ ಕರೆಸಿ, ಸಹಿ ಹಾಕಿಸಿ, ಒಂದು ಮೂಲೆಯಲ್ಲಿ ಕೂರಿಸಿದರೆ ನಷ್ಟವಾದ ದಿನ ಸೊನ್ನೆ, ವರದಿಯೂ ಇಲ್ಲ. ಆದ್ದರಿಂದ ಸೊನ್ನೆ ಕಂಡಾಗ ಸಂತೋಷಪಡುವ ಮುನ್ನ, ಸಣ್ಣಪುಟ್ಟ ಗಾಯಗಳನ್ನಾದರೂ ಬರೆದಿಟ್ಟಿದ್ದಾರೆಯೇ ಎಂದು ಕೇಳಬೇಕು. ಚಿಕ್ಕ ಗಾಯಗಳ ಪುಸ್ತಕ ಖಾಲಿ ಇದ್ದರೆ ಅನುಮಾನ ಪಡಲು ಕಾರಣವಿದೆ.

ಇಳಕಲ್ ಗ್ರಾನೈಟ್, ಬಾದಾಮಿ ಮರಳುಗಲ್ಲು: ಲೆಕ್ಕದಿಂದ ಜಾರುವವರು

ಇಳಕಲ್ ಸುತ್ತಲಿನ ಕೆಂಪು ಗ್ರಾನೈಟ್, ಬಾದಾಮಿ–ಗುಳೇದಗುಡ್ಡ ಭಾಗದ ಮರಳುಗಲ್ಲು ಎರಡರಲ್ಲೂ ಸಿಲಿಕಾ ಇದೆ. ಗ್ರಾನೈಟಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬೆಣಚು, ಮರಳುಗಲ್ಲಿನಲ್ಲಿ ಇನ್ನೂ ಜಾಸ್ತಿ. ಒಣಗಿದ ಕಲ್ಲನ್ನು ಕೊರೆದಾಗ, ಕತ್ತರಿಸಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಗಾಯದ ಕಲೆ ಕಟ್ಟಿ ಶ್ವಾಸಕೋಶ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಪೂರ್ತಿ ಗುಣಪಡಿಸುವ ಔಷಧ ಇಲ್ಲ. ಕ್ಷಯರೋಗದ ಅಪಾಯವನ್ನೂ ಇದು ಹೆಚ್ಚಿಸುತ್ತದೆ.

ಈ ಕಾಯಿಲೆ ಸಾಮಾನ್ಯವಾಗಿ 10 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಧೂಳು ಕುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಧೂಳು ವಿಪರೀತವಿದ್ದರೆ ಬೇಗ. ಅಷ್ಟರಲ್ಲಿ ಕಾರ್ಮಿಕ ನಾಲ್ಕು ಕ್ವಾರಿ, ಮೂರು ಗುತ್ತಿಗೆದಾರರನ್ನು ಬದಲಿಸಿರುತ್ತಾನೆ. ಏದುಸಿರು ಬಂದವನು ಕೆಲಸ ಬಿಟ್ಟು ಊರಿಗೆ ಹೋಗುತ್ತಾನೆ. ಇವತ್ತು ಕ್ವಾರಿಗೆ ಹೋಗಿ ತಪಾಸಣೆ ಮಾಡಿದರೆ ಸಿಗುವವರು ಇನ್ನೂ ಗಟ್ಟಿಯಾಗಿರುವವರು ಮಾತ್ರ. “ನಮ್ಮಲ್ಲಿ ಯಾರಿಗೂ ಕಾಯಿಲೆ ಇಲ್ಲ” ಎಂಬ ಮಾತು ಹೀಗೆ ನಿಜವಾಗಿಯೂ ಮೋಸ ಮಾಡುತ್ತದೆ. ಸಂಶೋಧಕರು ಇದನ್ನು ‘ಆರೋಗ್ಯವಂತ ಕಾರ್ಮಿಕ ಪರಿಣಾಮ’ ಎನ್ನುತ್ತಾರೆ. ಸರಿಯಾದ ಲೆಕ್ಕ ಬೇಕೆಂದರೆ ಬಿಟ್ಟು ಹೋದವರನ್ನೂ ಎಣಿಸಬೇಕು.

ಇನ್ನೂ ಒಂದು ವಿಚಿತ್ರ. ಮೆಟ್ಟಿಲು ಹತ್ತಲಾಗದಷ್ಟು ಸಿಲಿಕೋಸಿಸ್ ಆದವರ ಕಾಯಿಲೆಯೂ 2016ರ ಕಾಯ್ದೆ ಗುರುತಿಸಿರುವ ವೈಕಲ್ಯಗಳಲ್ಲಿ ಸೇರಿಲ್ಲ. ಆ 21ರ ಪಟ್ಟಿಯಲ್ಲಿ ಸಿಲಿಕೋಸಿಸ್ ಇಲ್ಲ. ಆದರೆ ಪರಿಹಾರ ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಅದು ಇದೆ. ಅಂದರೆ ಕಾರ್ಡ್ ಸಿಗದಿದ್ದರೂ ಪರಿಹಾರ ಕೇಳುವ ಹಕ್ಕು ಉಂಟು. ಅದಕ್ಕೆ ಎಲ್ಲೆಲ್ಲಿ, ಎಷ್ಟು ವರ್ಷ ದುಡಿದೆ ಎಂಬ ದಾಖಲೆ ಬೇಕಾಗುತ್ತದೆ. ಹಾಜರಿ ಚೀಟಿ, ಗೇಟ್ ಪಾಸ್, ಬ್ಯಾಂಕಿಗೆ ಬಂದ ಕೂಲಿಯ ವಿವರ, ಎಕ್ಸ್‌ರೇ ಇವನ್ನು ಎಸೆಯಬೇಡಿ.

ಬೆಲ್ಲದ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಧೂಳಿನ ಕೆಲಸ ಮುಗಿದ ಮೇಲೆ ಬೆಲ್ಲ ತಿಂದರೆ ಎದೆಯಲ್ಲಿನ ಧೂಳು ಹೋಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ತಿಂದದ್ದು ಹೊಟ್ಟೆಗೆ ಹೋಗುತ್ತದೆ, ಉಸಿರಾಡಿದ ಧೂಳು ಶ್ವಾಸಕೋಶದಲ್ಲಿರುತ್ತದೆ. ಮಹಾಲಿಂಗಪುರದ ಬೆಲ್ಲ ರುಚಿಗೆ ಒಳ್ಳೆಯದೇ, ಸಿಲಿಕಾಕ್ಕೆ ಮದ್ದಲ್ಲ. ಮುಖಕ್ಕೆ ಸುತ್ತಿದ ಟವೆಲ್ಲೂ ಈ ಸಣ್ಣ ಧೂಳನ್ನು ತಡೆಯದು. ನೀರು ಹಾಯಿಸಿ ಕೊರೆಯುವುದು, ಧೂಳು ಹೀರುವ ಯಂತ್ರ, ಸರಿಯಾದ ಮಾಸ್ಕ್, ನಿಯಮಿತ ಎಕ್ಸ್‌ರೇ ಇವೆಯೇ ಎಂದು ನೋಡಬೇಕು. ಬೆಲ್ಲ ಹಂಚುವ ಮಾಲೀಕರಿಗೆ ‘ಕಾಳಜಿ’ಯ ಅಂಕ ಕೊಡುವ ಮುನ್ನ ನೀರಿನ ಪೈಪ್ ಎಲ್ಲಿದೆ ಎಂದು ಕೇಳಿ.

ಇಳಕಲ್ ಸೀರೆಯ ನೇಕಾರರ ಕಥೆ ಇನ್ನೂ ಬೇರೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಕಾಲಿನಿಂದ ತುಳಿಯುತ್ತಾ ಕೈಯಿಂದ ನೇಯುವ ಕೆಲಸ. ಬೆನ್ನು, ಮೊಣಕಾಲು, ಕಣ್ಣು ಸೋತರೆ ಸೀರೆ ಇಳಿಯುವುದಿಲ್ಲ, ಕೂಲಿಯೂ ಇಲ್ಲ. ಮನೆಯಲ್ಲೇ ಕೂತು ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಹಾಜರಿ ಪುಸ್ತಕವೇ ಇಲ್ಲದಿರುವಾಗ ಯಾವ ಕಂಪನಿ ಪಟ್ಟಿಯೂ ಅವರನ್ನು ಎಣಿಸುವುದಿಲ್ಲ.

ಬೇರೆ ದೇಶಗಳು ಹೇಗೆ ಅಳೆಯುತ್ತವೆ?

ಕೆನಡಾದ ವ್ಯಾಂಕೋವರ್ ದ್ವೀಪದಲ್ಲಿ ಕಾಡಿನ ಕೆಲಸಕ್ಕೆ ಸೇರಿದ್ದ ವುಲ್ಫ್‌ಗ್ಯಾಂಗ್ ಝಿಮ್ಮರ್‌ಮನ್ 1977ರಲ್ಲಿ ಮರ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಮುಂದೆ ಅವರೇ ಅಲ್ಲಿ ಅಂಗವೈಕಲ್ಯ ನಿರ್ವಹಣೆಯ ರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯ ಪರಿಶೋಧನೆಯ ಕ್ರಮ ಕುತೂಹಲಕರ: ಆಡಳಿತದ ಪ್ರತಿನಿಧಿ, ಕಾರ್ಮಿಕರ ಪ್ರತಿನಿಧಿ ಒಟ್ಟಿಗೆ ಕುಳಿತು ಒಪ್ಪಿದ ಅಂಕವೇ ಅಂಕ. ಮಾಲೀಕರೊಬ್ಬರೇ ತಮಗೆ ನೂರಕ್ಕೆ ನೂರು ಕೊಟ್ಟುಕೊಳ್ಳುವಂತಿಲ್ಲ.

ಬ್ರಿಟನ್ನಿನ ‘ಡಿಸಬಿಲಿಟಿ ಕಾನ್ಫಿಡೆಂಟ್’ ಯೋಜನೆ ಇದಕ್ಕೆ ವ್ಯತಿರಿಕ್ತ. ಮೊದಲ ಎರಡು ಹಂತಗಳಲ್ಲಿ ಸಂಸ್ಥೆಯೇ ತನ್ನನ್ನು ಅಳೆದುಕೊಳ್ಳುತ್ತದೆ. ಒಬ್ಬ ವಿಕಲಚೇತನ ಉದ್ಯೋಗಿಯೂ ಇಲ್ಲದೆ ಬ್ಯಾಡ್ಜ್ ಪಡೆಯಬಹುದು ಎಂಬ ಟೀಕೆ ಅದರ ಮೇಲಿದೆ. ಜರ್ಮನಿಯಲ್ಲಿ ಒಬ್ಬರು 12 ತಿಂಗಳಲ್ಲಿ ಆರು ವಾರಕ್ಕಿಂತ ಹೆಚ್ಚು ಕಾಲ ಕಾಯಿಲೆಯಿಂದ ಗೈರಾದರೆ, ಮರಳಿ ಕೆಲಸಕ್ಕೆ ತರುವ ಬಗೆಯನ್ನು ಅವರೊಂದಿಗೆ ಕುಳಿತು ಚರ್ಚಿಸಲು ಮಾಲೀಕರು ಮುಂದಾಗಲೇಬೇಕು.

ನಮ್ಮಲ್ಲೂ ಒಂದು ಕಿಟಕಿ ತೆರೆದಿದೆ. ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಬಿಆರ್‌ಎಸ್‌ಆರ್ ಎಂಬ ವರದಿಯನ್ನು ಕೊಡಲೇಬೇಕೆಂದು ಸೆಬಿ ಹೇಳಿದೆ. ವಿಕಲಚೇತನ ಉದ್ಯೋಗಿಗಳ ಸಂಖ್ಯೆ, ಕಟ್ಟಡಗಳು ಅವರಿಗೆ ಅನುಕೂಲವೇ, ಗಾಯಗಳ ಆವರ್ತನ ದರ ಎಲ್ಲವೂ ಅದರಲ್ಲಿ ಕಡ್ಡಾಯ. ತೀವ್ರ ಗಾಯಗೊಂಡವರಲ್ಲಿ ಎಷ್ಟು ಮಂದಿಗೆ ಪುನರ್ವಸತಿ ಕಲ್ಪಿಸಿ ಸೂಕ್ತ ಕೆಲಸ ಕೊಡಲಾಯಿತು ಎಂಬ ಪ್ರಶ್ನೆಯೂ ಇದೆ. ಆದರೆ ಅದಕ್ಕೆ ಉತ್ತರಿಸುವುದು ಕಂಪನಿಯ ಇಚ್ಛೆಗೆ ಬಿಟ್ಟದ್ದು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೇ ಐಚ್ಛಿಕ! ಈ ವರದಿಗಳು ಕಂಪನಿಗಳ ಜಾಲತಾಣದಲ್ಲಿ ಸಿಗುತ್ತವೆ. ಯಾರು ಆ ಸಾಲನ್ನು ತುಂಬಿದ್ದಾರೆ, ಯಾರು ಖಾಲಿ ಬಿಟ್ಟಿದ್ದಾರೆ ಎಂದು ಫೋನಿನಲ್ಲೇ ನೋಡಬಹುದು.

ಹೋಲಿಸುವಾಗ ಕೇಳಬೇಕಾದ ಆರು ಪ್ರಶ್ನೆಗಳು

1. ಸಮಾನ ಅವಕಾಶ ನೀತಿ ಪ್ರಕಟವಾಗಿದೆಯೇ? ಸಂಪರ್ಕಾಧಿಕಾರಿಯ ಹೆಸರು ಇದೆಯೇ?
2. ಸೇರಿದ ವಿಕಲಚೇತನರಲ್ಲಿ ಎರಡು ವರ್ಷದ ನಂತರ ಎಷ್ಟು ಜನ ಉಳಿದಿದ್ದಾರೆ? ಬಡ್ತಿ ಸಿಕ್ಕಿದೆಯೇ?
3. ಕೆಲಸದಲ್ಲಿ ಗಾಯಗೊಂಡವರಲ್ಲಿ ಎಷ್ಟು ಜನ ಮರಳಿದರು? ಸಂಬಳ ಇಳಿಯಿತೇ?
4. ಗುತ್ತಿಗೆ ಕಾರ್ಮಿಕರನ್ನೂ ಎಣಿಸಿದ್ದಾರೆಯೇ? ಅಪಾಯದ ಕೆಲಸ ಮಾಡುವವರು ಹಲವು ಕಡೆ ಅವರೇ.
5. ಸಂಖ್ಯೆಗಳು ದರದಲ್ಲಿವೆಯೇ, ಒಂದೇ ಬಗೆಯ ಉದ್ಯಮಗಳನ್ನು ಹೋಲಿಸಿದ್ದಾರೆಯೇ? ಸಾಫ್ಟ್‌ವೇರ್ ಕಚೇರಿಯನ್ನೂ ಕಲ್ಲು ಕ್ವಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.
6. ಅಂಕ ಕೊಟ್ಟವರು ಯಾರು? ಕಾರ್ಮಿಕರನ್ನು ಕೇಳಿದ್ದಾರೆಯೇ?

ಎಲ್ಲಿ ವಿಚಾರಿಸಬೇಕು?

ಯುಡಿಐಡಿ ಕಾರ್ಡ್ ಮತ್ತು ಸೌಲಭ್ಯಗಳಿಗೆ ಬಾಗಲಕೋಟೆಯ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಗಾಯ ಅಥವಾ ಔದ್ಯೋಗಿಕ ಕಾಯಿಲೆಯ ಪರಿಹಾರಕ್ಕೆ ಕಾರ್ಮಿಕ ಇಲಾಖೆ, ವಿಮೆ ಇದ್ದರೆ ಇಎಸ್‌ಐ. ಕಾಯ್ದೆಯ ಉಲ್ಲಂಘನೆಯ ದೂರಿಗೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರ ಕಚೇರಿ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಆಗ ಎಣಿಸಿದ್ದು 8 ಬಗೆಯ ವೈಕಲ್ಯಗಳನ್ನು ಮಾತ್ರ, ಈಗ ಕಾಯ್ದೆಯ ಪಟ್ಟಿಯಲ್ಲಿ 21 ಇವೆ. ಅಂದರೆ ನಿಮ್ಮ ಗ್ರೂಪಿನಲ್ಲೂ ಇಂಥ ಒಬ್ಬರು ಇರುವ ಸಾಧ್ಯತೆ ಹೆಚ್ಚು. ಮುಂದಿನ ಸಲ “ನಂಬರ್ 1 ಕಂಪನಿ” ಎಂಬ ಸಂದೇಶ ಬಂದರೆ ಮೂರನೇ ಪ್ರಶ್ನೆಯನ್ನು ಕೇಳಿ: ಗಾಯಗೊಂಡವರಲ್ಲಿ ಎಷ್ಟು ಜನ ಮರಳಿದರು? ಉತ್ತರ ಸಿಕ್ಕರೆ ಆ ಸಂದೇಶವನ್ನು ಧಾರಾಳವಾಗಿ ಹಂಚಿ. ಸಿಗದಿದ್ದರೆ ಹೆಬ್ಬೆರಳಿನ ಆ ₹5,61,546 ಲೆಕ್ಕವನ್ನು ಹಂಚಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು.